ಟ್ಯಾಲಿ ಇರುವ ಲ್ಯಾಪ್‌ಟಾಪ್‌ನಲ್ಲೇ ಉಬುಂಟು ಹಾಕಬಹುದೇ?

ಪ್ರಶ್ನೆ: ನಮ್ಮ ಕಾಫಿ ತೋಟದ ಲೆಕ್ಕವೆಲ್ಲ ಲ್ಯಾಪ್‌ಟಾಪ್‌ನ ಟ್ಯಾಲಿಯಲ್ಲಿದೆ. ವಿಂಡೋಸ್ 11, 512 ಜಿಬಿ ಎಸ್‌ಎಸ್‌ಡಿ, ಸಿ ಡ್ರೈವ್ ಅರ್ಧದಷ್ಟು ಖಾಲಿ ಇದೆ. ಮಗಳಿಗೆ ಕಾಲೇಜಿನ ಕೆಲಸಕ್ಕೆ ಉಬುಂಟು ಬೇಕಂತೆ. ಲೆಕ್ಕಕ್ಕೆ ತೊಂದರೆಯಾಗದಂತೆ ಎರಡನ್ನೂ ಇದರಲ್ಲೇ ಇಡಬಹುದೇ?
– ಓದುಗರು, ಗೋಣಿಕೊಪ್ಪ

ಉತ್ತರ: ಧಾರಾಳವಾಗಿ ಇಡಬಹುದು. ಉಬುಂಟು ಎಂದರೆ ವಿಂಡೋಸ್‌ನಂತೆಯೇ ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆ, ಅದನ್ನು ಹಾಕುವುದು ದೊಡ್ಡ ಕೆಲಸವಲ್ಲ. ಎಡವಟ್ಟುಗಳು ಹೆಚ್ಚಾಗಿ ಆಗುವುದು ಅದಕ್ಕೂ ಮೊದಲು ವಿಂಡೋಸ್‌ನಲ್ಲಿ ಮುಗಿಸಬೇಕಾದ ತಯಾರಿಯನ್ನು ಬಿಟ್ಟಾಗ.

ಮೊದಲು ಟ್ಯಾಲಿಯ ಬ್ಯಾಕಪ್ ತೆಗೆದು ಪೆನ್‌ಡ್ರೈವ್‌ಗೆ ಹಾಕಿ, ಬೇರೆ ಕಂಪ್ಯೂಟರಿನಲ್ಲಿ ರಿಸ್ಟೋರ್ ಮಾಡಿ ನೋಡಿ. ಡಿ ಡ್ರೈವ್‌ಗೆ ಕಾಪಿ ಮಾಡಿದ್ದನ್ನು ಬ್ಯಾಕಪ್ ಎನ್ನಬೇಡಿ. ಒಂದೇ ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್‌ನಲ್ಲಿ ಸಿ, ಡಿ ಎರಡೂ ಅದರದೇ ಭಾಗಗಳು.

ಎರಡನೆಯದು ಎನ್‌ಕ್ರಿಪ್ಷನ್, ಅಂದರೆ ಕೀ ಇಲ್ಲದೆ ಓದಲಾಗದಂತೆ ಡಿಸ್ಕ್‌ಗೆ ಹಾಕುವ ಬೀಗ. ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆಗಿರುವ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಇದು ಮಾಲೀಕರಿಗೆ ಗೊತ್ತಿಲ್ಲದೆಯೇ ಆನ್ ಆಗಿರುತ್ತದೆ. ಬಯಾಸ್‌ನಲ್ಲಿ (ವಿಂಡೋಸ್ ತೆರೆಯುವ ಮೊದಲೇ ಬರುವ ಲ್ಯಾಪ್‌ಟಾಪ್‌ನ ಮೂಲ ಸೆಟ್ಟಿಂಗ್ಸ್) ಏನಾದರೂ ಬದಲಾಯಿಸಿದ ಮೇಲೆ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಆಗ ಅದು ಕೈಯಲ್ಲಿಲ್ಲದಿದ್ದರೆ ಲೆಕ್ಕವೂ ಇಲ್ಲ, ಫೋಟೋವೂ ಇಲ್ಲ. ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಆ ಕೀಯನ್ನು ಕಾಗದದ ಮೇಲೆ ಬರೆದಿಡಿ. ಬಳಿಕ ಸೆಟ್ಟಿಂಗ್ಸ್‌ನ ಪ್ರೈವಸಿ ಆ್ಯಂಡ್ ಸೆಕ್ಯೂರಿಟಿಯಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಆಫ್ ಮಾಡಿ, ಡಿಕ್ರಿಪ್ಷನ್ ಪೂರ್ತಿ ಮುಗಿಯುವವರೆಗೆ ಕಾಯಿರಿ.

ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್‌ನ ಟಿಕ್ ತೆಗೆಯಿರಿ. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಆ ಸ್ಥಿತಿಯಲ್ಲಿ ಉಬುಂಟುವಿನಿಂದ ಸಿ ಡ್ರೈವ್‌ಗೆ ಬರೆಯಲು ಹೋದರೆ ಫೈಲ್‌ಗಳು ಹಾಳಾಗಬಹುದು.

ಇನ್ನು ಜಾಗ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಸಿ ಮೇಲೆ ಶ್ರಿಂಕ್ ವಾಲ್ಯೂಮ್ ಕೊಡಿ. 80 ಜಿಬಿ ಸಾಕು. ಅಲ್ಲಿ ಎಂಬಿಯಲ್ಲಿ ಕೇಳುವುದರಿಂದ 81920 ಎಂದು ಬರೆಯಿರಿ. ಅರ್ಧ ಡಿಸ್ಕ್ ಖಾಲಿ ಇದ್ದರೂ ಕೆಲವೊಮ್ಮೆ 10–15 ಜಿಬಿ ಮಾತ್ರ ಬಿಟ್ಟುಕೊಡುತ್ತೇನೆ ಎನ್ನುತ್ತದೆ. ಪೇಜ್‌ಫೈಲ್, ಹೈಬರ್ನೇಷನ್ ಫೈಲ್, ರಿಸ್ಟೋರ್ ಪಾಯಿಂಟ್‌ಗಳು ಡಿಸ್ಕ್‌ನ ಮಧ್ಯೆ ಅಲುಗದೆ ಕೂತಿರುವುದೇ ಕಾರಣ. ಈ ಮೂರನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ ಮತ್ತೆ ಪ್ರಯತ್ನಿಸಿ. ಬಂದ ಜಾಗವನ್ನು 'ಅನ್‌ಅಲೊಕೇಟೆಡ್' ಆಗಿಯೇ ಬಿಡಿ, ಹೊಸ ಡ್ರೈವ್ ಮಾಡಬೇಡಿ.

8 ಜಿಬಿಯ ಪೆನ್‌ಡ್ರೈವ್ ಬೇಕು. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಟ್ಯಾಲಿ ಬ್ಯಾಕಪ್ ಇರುವುದನ್ನೇ ಕೊಟ್ಟೀರಿ, ಜೋಕೆ. ಉಬುಂಟು 24.04ರ ಐಎಸ್‌ಒ ಫೈಲ್ (ಇನ್‌ಸ್ಟಾಲ್ ಮಾಡಲು ಬೇಕಾದುದೆಲ್ಲ ಇರುವ ಒಂದೇ ಫೈಲ್) ಸುಮಾರು 6 ಜಿಬಿ. ನೆಟ್ ಬಂದು ಹೋಗುವ ಕಡೆ ಡೌನ್‌ಲೋಡ್ ಅರ್ಧಂಬರ್ಧವಾಗುವುದುಂಟು, ಆದ್ದರಿಂದ ಚೆಕ್‌ಸಮ್ (ಫೈಲ್ ಪೂರ್ತಿ ಬಂದಿದೆಯೇ ಎಂದು ತಿಳಿಸುವ ಸಂಕೇತ) ತಾಳೆ ನೋಡಿಯೇ, ರೂಫಸ್ ಎಂಬ ತಂತ್ರಾಂಶದಲ್ಲಿ ಜಿಪಿಟಿ, ಯುಇಎಫ್‌ಐ ಆಯ್ಕೆಗಳನ್ನು ಆಯ್ದು ಪೆನ್‌ಡ್ರೈವ್‌ಗೆ ಬರೆಯಿರಿ.

ಪೆನ್‌ಡ್ರೈವ್‌ನಿಂದ ಬೂಟ್ ಮಾಡಲು ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಮೊದಲು 'ಟ್ರೈ ಉಬುಂಟು' ಆಯ್ದು ವೈಫೈ, ಟಚ್‌ಪ್ಯಾಡ್, ಸೌಂಡ್ ನೋಡಿಕೊಳ್ಳಿ. ಇನ್‌ಸ್ಟಾಲ್ ಮಾಡುವಾಗ ವಿಂಡೋಸ್ ಬೂಟ್ ಮ್ಯಾನೇಜರ್ ಜೊತೆಗೆ ಹಾಕುವ ಆಯ್ಕೆಯನ್ನೇ ಒತ್ತಿ. 'ಇರೇಸ್ ಡಿಸ್ಕ್' ಎಂದರೆ ವಿಂಡೋಸ್ ಸಮೇತ ಎಲ್ಲವೂ ಹೋಯಿತು. ಬಯಾಸ್‌ನಲ್ಲಿರುವ ಸೆಕ್ಯೂರ್ ಬೂಟ್ ಎಂಬ ಸುರಕ್ಷತಾ ಆಯ್ಕೆಯನ್ನು ಆಫ್ ಮಾಡುವ ಅಗತ್ಯವಿಲ್ಲ. ಎನ್‌ವಿಡಿಯಾ ಗ್ರಾಫಿಕ್ಸ್ ಡ್ರೈವರ್‌ಗಾಗಿ ಒಂದು ಪಾಸ್‌ವರ್ಡ್ ಕೇಳಿದರೆ ನೆನಪಿಟ್ಟುಕೊಂಡು, ರೀಸ್ಟಾರ್ಟ್ ಆದಾಗ ಬರುವ ನೀಲಿ ಪರದೆಯಲ್ಲಿ 'ಎನ್‌ರೋಲ್ ಎಂಒಕೆ' ಆಯ್ದು ಅದನ್ನೇ ಕೊಡಿ. ಗಾಬರಿಯಲ್ಲಿ 'ಕಂಟಿನ್ಯೂ ಬೂಟ್' ಒತ್ತಿದರೆ ಡ್ರೈವರ್ ಲೋಡ್ ಆಗುವುದಿಲ್ಲ.

ಡಿಸ್ಕ್ ಕಾಣಿಸದೆ, ಆರ್‌ಎಸ್‌ಟಿ (ಡಿಸ್ಕ್ ನಿರ್ವಹಿಸುವ ಇಂಟೆಲ್‌ನ ವಿಧಾನ) ಆಫ್ ಮಾಡಿ ಎಂದು ಇನ್‌ಸ್ಟಾಲರ್ ಹೇಳಿದರೆ, ನೇರವಾಗಿ ಬಯಾಸ್‌ಗೆ ಹೋಗಿ ಅದನ್ನು ಎಎಚ್‌ಸಿಐ ಎಂಬ ಸಾಮಾನ್ಯ ವಿಧಾನಕ್ಕೆ ಬದಲಾಯಿಸಬೇಡಿ, ವಿಂಡೋಸ್ ನೀಲಿ ಪರದೆ ತೋರಿಸಿ ನಿಂತುಬಿಡುತ್ತದೆ. ಮೊದಲು ವಿಂಡೋಸ್‌ನ ಎಂಎಸ್‌ಕಾನ್ಫಿಗ್‌ನಲ್ಲಿ ಸೇಫ್ ಬೂಟ್‌ಗೆ ಟಿಕ್ ಹಾಕಿ, ರೀಸ್ಟಾರ್ಟ್ ಆಗುವಾಗ ಎಎಚ್‌ಸಿಐಗೆ ಬದಲಾಯಿಸಿ, ಸೇಫ್ ಮೋಡ್‌ನಲ್ಲಿ ತೆರೆದ ಮೇಲೆ ಆ ಟಿಕ್ ತೆಗೆಯಿರಿ.

ಕಕ್ಕಡ ತಿಂಗಳ ಮಳೆಯಲ್ಲಿ ಕರೆಂಟ್ ಹೋದರೆ ಬರುವ ಹೊತ್ತು ಹೇಳಲಾಗದು. ಬ್ಯಾಟರಿ ಎರಡು ಗಂಟೆಯೂ ಬಾಳದಿದ್ದರೆ ಯುಪಿಎಸ್ ಇರುವ ಕಡೆ ಕೂತು ಈ ಕೆಲಸ ಮಾಡಿ. ಪಾರ್ಟಿಷನ್ (ಡಿಸ್ಕ್‌ನ ಭಾಗ) ಬದಲಾಗುತ್ತಿರುವಾಗ ಲ್ಯಾಪ್‌ಟಾಪ್ ಆಫ್ ಆದರೆ ವಿಂಡೋಸ್, ಉಬುಂಟು ಎರಡೂ ಕೈಕೊಡಬಹುದು.

ಪ್ರಶ್ನೆ: ವಿಂಡೋಸ್ ಅಪ್‌ಡೇಟ್ ಆದ ಮೇಲೆ ಆಯ್ಕೆಯ ಮೆನು ಬರುತ್ತಿಲ್ಲ, ನೇರ ವಿಂಡೋಸ್ ತೆರೆಯುತ್ತದೆ. ಉಬುಂಟು ಅಳಿಸಿಹೋಯಿತೇ?
– ಓದುಗರು, ಸೋಮವಾರಪೇಟೆ

ಉತ್ತರ: ಬಹುಪಾಲು ಇಲ್ಲ, ಬೂಟ್ ಕ್ರಮ ಅದಲುಬದಲಾಗಿದೆ ಅಷ್ಟೆ. ಬಯಾಸ್‌ನ ಬೂಟ್ ಪಟ್ಟಿಯಲ್ಲಿ 'ಉಬುಂಟು'ವನ್ನು ಮೇಲಕ್ಕೆ ತನ್ನಿ. ಪಟ್ಟಿಯಲ್ಲೇ ಇಲ್ಲದಿದ್ದರೆ ಪೆನ್‌ಡ್ರೈವ್‌ನಿಂದ 'ಟ್ರೈ ಉಬುಂಟು'ಗೆ ಹೋಗಿ ಬೂಟ್ ರಿಪೇರ್ ಎಂಬ ತಂತ್ರಾಂಶ ಹಾಕಿಕೊಂಡು ಓಡಿಸಿ.

ಪ್ರಶ್ನೆ: ಉಬುಂಟು ಬಳಸಿ ವಿಂಡೋಸ್‌ಗೆ ಬಂದರೆ ಗಡಿಯಾರ ಐದೂವರೆ ಗಂಟೆ ಹಿಂದೆ ತೋರಿಸುತ್ತದೆ.
– ಓದುಗರು, ಕುಶಾಲನಗರ

ಉತ್ತರ: ಮದರ್‌ಬೋರ್ಡ್‌ನ ಗಡಿಯಾರದಲ್ಲಿ ಉಬುಂಟು ಯುಟಿಸಿ (ಭಾರತಕ್ಕಿಂತ ಐದೂವರೆ ಗಂಟೆ ಹಿಂದಿರುವ ಅಂತರರಾಷ್ಟ್ರೀಯ ಸಮಯ) ಬರೆಯುತ್ತದೆ, ವಿಂಡೋಸ್ ಅದನ್ನೇ ಭಾರತೀಯ ಸಮಯವೆಂದು ಓದುತ್ತದೆ. ಉಬುಂಟುವಿನ ಟರ್ಮಿನಲ್‌ನಲ್ಲಿ (ಆದೇಶ ಟೈಪ್ ಮಾಡುವ ಕಿಟಕಿ) 'timedatectl set-local-rtc 1' ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಮುಂದಿನ ಸಲ ವಿಂಡೋಸ್ ತೆರೆದಾಗ ಸಮಯ ಸರಿಯಿರುತ್ತದೆ.