ಮಿಡಿ-ಸಿವಿ ಕನ್ವರ್ಟರ್ (ಕೀಬೋರ್ಡ್‌ನ ಮಿಡಿ ಸಂದೇಶವನ್ನು ಸಿಂಥಸೈಜರ್‌ಗೆ ಬೇಕಾದ ವೋಲ್ಟೇಜ್ ಮಾಡುವ ಪೆಟ್ಟಿಗೆ): ಕೆಳಗಿನ ಸ್ವರ ಸರಿ ಇದೆ, ಮೇಲೆ ಹೋದಷ್ಟೂ ಶ್ರುತಿ ಇಳಿಯುತ್ತದೆ. ಏನು ಮಾಡಲಿ?

ಹಾಗಿದ್ದರೆ ತಪ್ಪಿರುವುದು ಸ್ಕೇಲ್, ಆಫ್‌ಸೆಟ್ ಅಲ್ಲ. ಯಕ್ಷಗಾನದ ಶ್ರುತಿಪೆಟ್ಟಿಗೆ ನೆನಪಿಸಿಕೊಳ್ಳಿ. ಶ್ರುತಿ ಬದಲಾದರೆ ಇಡೀ ಪದವೇ ಮೇಲೆ ಕೆಳಗೆ ಆಗುತ್ತದೆ, ಅದು ಆಫ್‌ಸೆಟ್. ಸ್ವರಗಳ ನಡುವಿನ ಅಂತರವೇ ಕೆಟ್ಟರೆ ಸ್ಕೇಲ್.

ಆಕ್ಟೇವ್‌ಗೆ (ಒಂದು ಸ್ಥಾಯಿಗೆ) 1 ವೋಲ್ಟ್ ಅಂದರೆ ಅದರ ಹನ್ನೆರಡನೇ ಒಂದು ಭಾಗವಾದ ಸೆಮಿಟೋನ್‌ಗೆ ಸುಮಾರು 83.3 ಮಿಲಿವೋಲ್ಟ್. 5 ಮಿಲಿವೋಲ್ಟ್ ತಪ್ಪಿದರೂ 6 ಸೆಂಟ್ ಅಪಸ್ವರ (ಸೆಮಿಟೋನ್‌ನ ನೂರರಲ್ಲೊಂದು ಭಾಗ ಒಂದು ಸೆಂಟ್). ಮಿಲಿವೋಲ್ಟ್ ನಂಬಿಕೆಯಿಂದ ತೋರಿಸದ ಅಗ್ಗದ ಮೀಟರ್ ಇಲ್ಲಿ ಉಪಯೋಗವಿಲ್ಲ.

ಕನ್ವರ್ಟರ್ ಅರ್ಧ ಗಂಟೆ ಆನ್ ಮಾಡಿಡಿ. ಪಿಚ್ ಬೆಂಡ್ ಮುಟ್ಟಬೇಡಿ. 0 ವೋಲ್ಟ್ ಕೊಡುವ ಕೀ ಒತ್ತಿ ಆಫ್‌ಸೆಟ್ ಟ್ರಿಮ್ಮರ್ (ಹೊಂದಿಸುವ ಸಣ್ಣ ತಿರುಪು) ಸರಿಮಾಡಿ. ಅಲ್ಲಿಂದ 5 ಆಕ್ಟೇವ್ ಮೇಲಿನ ಕೀ ಒತ್ತಿ, ಸ್ಕೇಲ್ ಟ್ರಿಮ್ಮರ್ ತಿರುಗಿಸಿ 5.000 ವೋಲ್ಟ್‌ಗೆ ತನ್ನಿ. ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗಬಹುದು, ಎರಡು ಮೂರು ಸಲ ಮಾಡಿ.

ನಾನು ಎಡವಿದ್ದು ಬೇರೆ ಕಡೆ. ಆಸಿಲೇಟರ್ (ಆ ವೋಲ್ಟೇಜ್‌ನಂತೆ ಸ್ವರ ಹುಟ್ಟಿಸುವ ಭಾಗ) ಕಡೆಯ ಕೇಬಲ್ ತೆಗೆದು ಬರೀ ಮೀಟರ್‌ನಲ್ಲಿ ಅಳೆದಿದ್ದೆ. ಕನ್ವರ್ಟರ್ ಔಟ್‌ಪುಟ್‌ನಲ್ಲಿ 1 ಕಿಲೋಓಮ್ ರೆಸಿಸ್ಟೆನ್ಸ್, ಆಸಿಲೇಟರ್ ಇನ್‌ಪುಟ್‌ನಲ್ಲಿ 100 ಕಿಲೋಓಮ್ ಇದ್ದರೆ ಸುಮಾರು ಶೇ. 1 ವೋಲ್ಟೇಜ್ ಕುಸಿಯುತ್ತದೆ. ಆಕ್ಟೇವ್‌ಗೆ ಹತ್ತಿರ ಹತ್ತಿರ 12 ಸೆಂಟ್! ಕೇಬಲ್ ಹಾಕಿಯೇ ಅಳೆಯಿರಿ.

ಮೀಟರ್‌ನಲ್ಲಿ ಎಲ್ಲ ಸರಿ ಇದ್ದೂ ಅಪಸ್ವರ ಬಂದರೆ ಆಸಿಲೇಟರ್‌ನ ಸ್ವಂತ ಟ್ರಿಮ್ಮರ್ ನೋಡಿ. ಮಂಗಳೂರಿನ ಸೆಖೆಯಲ್ಲಿ ಎಸಿ ಹಾಕಿದ ಕೂಡಲೇ ಅದರ ಶ್ರುತಿ ಜಾರುವುದುಂಟು, ಸುಮ್ನೆ ಕನ್ವರ್ಟರ್‌ಗೆ ಬೈಯಬೇಡಿ.