ಹನ್ನೊಂದು ನಿಮಿಷ ಜಾಸ್ತಿ ಆಯ್ತಾ?

ಪ್ರಶ್ನೆ: 2011ರ ಅಕ್ಟೋಬರ್ 30ಕ್ಕೆ ಬೆಂಗಳೂರಿನ ಪ್ಯಾಲೆಸ್ ಗ್ರೌಂಡ್ಸಲ್ಲಿ ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾ ನೋಡಕ್ಕೆ ಗೋಣಿಕೊಪ್ಪದಿಂದ ಬಸ್ ಹತ್ತಿ ಹೋದವನು ನಾನು. ಈಗ ಅವರ '72 ಸೀಸನ್ಸ್' ಆಲ್ಬಂನ ಕೊನೇ ಹಾಡು 'ಇನಾಮೊರಾಟಾ' ಎರಡು ಸಲ ಕೇಳ್ದೆ, ಹನ್ನೊಂದು ನಿಮಿಷ, ಎಳೆದಂಗೆ ಅನ್ನಿಸ್ತು. ನಿಜಕ್ಕೂ ಒಳ್ಳೇ ಹಾಡಾ, ಇಲ್ಲಾ ಹಳೇ ಹೆಸರಿಗೆ ಎಲ್ರೂ ತಲೆ ಬಾಗಿಸ್ತಿದ್ದಾರಾ?

ಉತ್ತರ: ಒಳ್ಳೇ ಹಾಡೇ, ಆದ್ರೆ ಅಷ್ಟೂ ನಿಮಿಷ ಒಂದೇ ಸಮ ಒಳ್ಳೇದಲ್ಲ. ಆಲ್ಬಂ ಶುರುವಿಂದ ಹಾಕಿದ್ರೆ ಈ ಹಾಡು ಬರೋ ಹೊತ್ತಿಗೆ ಒಂದು ಗಂಟೆ ದಾಟಿರುತ್ತೆ, ಕಿವಿ ದಣಿದಿರುತ್ತೆ. ನಾನೂ ಮೊದಲ ಸಲ ಮಡಿಕೇರೀಲಿ ಶೀಟ್ ಮೇಲೆ ಮಳೆ ಸುರೀತಿರೋವಾಗ ಫೋನ್ ಸ್ಪೀಕರಲ್ಲಿ ಕೇಳಿದ್ದು, ಬೇಸ್ ಗಿಟಾರಿನ ದಪ್ಪ ದನಿ ಪೂರ್ತಿ ಮಾಯ, ಆಮೇಲೆ ಹೆಡ್‌ಫೋನ್ ಹಾಕ್ಕೊಂಡು ಇದೊಂದನ್ನೇ ಕೇಳ್ದಾಗ ಹಾಡಿನ ಜೀವ ಇರೋದೇ ಆ ಬೇಸಲ್ಲಿ ಅಂತ ಗೊತ್ತಾಯ್ತು. ಅರ್ಧದ ಹತ್ತಿರ ಗಿಟಾರ್ ಗದ್ದಲ ಇಳಿದು ಬ್ಯಾಂಡಿನ ಬೇಸ್ ವಾದಕ ರಾಬರ್ಟ್ ಟ್ರುಹಿಯೋ ಅವರ ಬೇಸ್ ಒಂಟಿಯಾಗಿ ನಡ್ಕೊಂಡು ಬಂದಂಗೆ ಬರುತ್ತೆ, ಹಿಂದೆ ಡ್ರಮ್ಸ್ ಮೆಲ್ಲಗೆ, ನಿಧಾನಕ್ಕೆ ಗಿಟಾರ್ ಸೇರ್ಕೊಳ್ಳುತ್ತೆ, ಆಮೇಲೆ ಆ ಭಾರದ ರಿಫ್, ಅಂದ್ರೆ ಮತ್ತೆ ಮತ್ತೆ ಬರೋ ಗಿಟಾರ್ ತುಣುಕು, ವಾಪಸ್ ಬಂದಾಗ ಎದೆ ಮೇಲೆ ಕೂತಂಗೆ ಆಗುತ್ತೆ. ನಾಲ್ಕು ನಿಮಿಷದ ಹಾಡಲ್ಲಿ ಇದು ಆಗೋ ಕೆಲಸ ಅಲ್ಲ.

ನಮ್ಮ ಕೊಡಗಲ್ಲಿ ಸುಗ್ಗಿ ಹಬ್ಬ ಪುತ್ತರಿಗೆ ದುಡಿ ಅನ್ನೋ ಸಣ್ಣ ವಾದ್ಯ ಹಿಡ್ಕೊಂಡು ನಾಲ್ಕು ಜನ ಹಾಡ್ತಾರಲ್ಲ, ಇಬ್ಬರು ಹೇಳಿದ್ದನ್ನ ಇನ್ನಿಬ್ಬರು ತಿರುಗಿ ಹೇಳ್ತಾರೆ, ದೂರದಿಂದ ಕೇಳೋರಿಗೆ ಅದೇ ಅದೇ, ಹತ್ತಿರ ಕೂತೋರಿಗೆ ಹಾಡು ಎಲ್ಲಿಗೆ ಬಂತು ಅಂತ ಗೊತ್ತಿರುತ್ತೆ. ಉದ್ದದ ಹಾಡಿಗೆ ನಾನು ಹಾಕೋ ಅಳತೆ ಇದೇ, ಪ್ರತಿ ಸುತ್ತಲ್ಲಿ ಏನಾದ್ರೂ ಮುಂದೆ ಹೋಯ್ತಾ. ಇಲ್ಲಿ ಬೇಸ್ ಬರೋಕ್ಕೆ ಮುಂಚೆ ಒಂದು ಸುತ್ತು ಸುಮ್ನೆ ತಿರುಗುತ್ತೆ, ನಿಮಗೆ ಎಳೆದಂಗೆ ಅನ್ನಿಸಿದ್ದು ಬಹುಶಃ ಅಲ್ಲೇ. ಸಾಹಿತ್ಯನೂ ಅಷ್ಟಕ್ಕಷ್ಟೆ, ಇನಾಮೊರಾಟಾ ಅಂದ್ರೆ ಇಟಾಲಿಯನ್ನಲ್ಲಿ ಪ್ರೇಯಸಿ, ದುಃಖನೇ ಪ್ರೇಯಸಿ ಅನ್ನೋ ಕಲ್ಪನೆ ಚೆನ್ನಾಗಿದೆ, ಆದ್ರೆ ಅದನ್ನ ಬೆಳೆಸದೆ ಮತ್ತೆ ಮತ್ತೆ ಹೇಳ್ತಾರೆ.

ದಯವಿಟ್ಟು 1986ರ 'ಮಾಸ್ಟರ್ ಆಫ್ ಪಪೆಟ್ಸ್' ಆಲ್ಬಂ ಪಕ್ಕ ಇಟ್ಟು ತೂಗ್ಬೇಡಿ, ಆಗ ಹಾಡುಗಾರ ಜೇಮ್ಸ್ ಹೆಟ್‌ಫೀಲ್ಡ್‌ಗೆ 22 ವರ್ಷ, 2023ರಲ್ಲಿ '72 ಸೀಸನ್ಸ್' ಬಂದಾಗ 60ರ ಹತ್ತಿರ, ಆ ಸ್ಪೀಡು ಹುಡುಕಿದ್ರೆ ಇಲ್ಲಿರೋದು ಕೇಳ್ಸಲ್ಲ. ಹೋಲಿಸ್ಲೇಬೇಕು ಅಂದ್ರೆ 1996ರ 'ಲೋಡ್' ಆಲ್ಬಂನ 'ದಿ ಔಟ್‌ಲಾ ಟಾರ್ನ್' ಜೊತೆ ಹೋಲಿಸಿ, ಅದನ್ನ ಸಿಡೀಲಿ ಜಾಗ ಸಾಲದೆ 9 ನಿಮಿಷ 48 ಸೆಕೆಂಡಿಗೆ ಇಳಿಸಿದ್ರು, ಪೂರ್ತಿ ಹಾಡು ಆಮೇಲೆ ಬೇರೆಯಾಗಿ ಬಂತು, ನಂಗೆ ಇವತ್ತಿಗೂ ಆ ಉದ್ದದ್ದೇ ಇಷ್ಟ.

ರಾತ್ರಿ ಮಳೆ ನಿಂತ ಮೇಲೆ ಹೆಡ್‌ಫೋನಲ್ಲಿ ಇದೊಂದನ್ನೇ ಹಾಕಿ ಇನ್ನೊಂದ್ಸಲ ಕೇಳಿ, ಬೇಸ್ ಬರೋ ತನಕ ಮಾತ್ರ ನಿಲ್ಲಿಸ್ಬೇಡಿ.