ಚಂದ್ರತಾಲ್ ನೋಡೋಕೆ ಅಪ್ಪ ಅಮ್ಮನನ್ನು ಮನಾಲಿಯಿಂದ ಒಂದೇ ದಿನಕ್ಕೆ ಕರ್ಕೊಂಡು ಹೋಗಬಹುದಾ?

ಹಿಮಾಚಲ ಪ್ರದೇಶದ ಚಂದ್ರತಾಲ್ ಸರೋವರಕ್ಕೆ ಖಂಡಿತ ಕರ್ಕೊಂಡು ಹೋಗಿ, ಆದರೆ ಮನಾಲಿಯಿಂದ ನೇರವಾಗಿ ಬೇಡ. ಹಾಸನದಿಂದ ಹೊರಡ್ತೀವಿ, ಅಪ್ಪ ಅಮ್ಮ ಇಬ್ಬರಿಗೂ ಅರವತ್ತು ದಾಟಿದೆ, ಹತ್ತು ದಿನ ರಜೆ ಇದೆ, ಮನಾಲಿಯಿಂದ ಬೆಳಿಗ್ಗೆ ಹೊರಟು ರಾತ್ರಿ ಸರೋವರದ ಹತ್ತಿರ ಟೆಂಟಲ್ಲಿ ಮಲಗೋ ಯೋಚನೆ ಅಂತ ಬರೆದಿದ್ದೀರಿ. ನಾನು ಚಿಕ್ಕಮಗಳೂರಿನವನು, ನನ್ನ ಅಪ್ಪ ಅಮ್ಮನ ಜೊತೆಗೇ ಅಲ್ಲಿಗೆ ಹೋಗಿ ಬಂದಿದ್ದೇನೆ.

ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಮನಾಲಿಯೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ಚಂದ್ರತಾಲ್ ಸುಮಾರು 4,250 ಮೀಟರ್, ಅಂದರೆ ಅದರ ಎರಡು ಪಟ್ಟಿಗೂ ಜಾಸ್ತಿ. 2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ಮನಾಲಿಯಿಂದ ಬೆಟ್ಟದಾಚೆಯ ಲಾಹೌಲ್ ಕಡೆ ದಾಟೋದು ಸುಲಭವಾಯಿತು, ಆದರೆ ತೆಳು ಗಾಳಿಗೆ ಒಗ್ಗೋಕೆ ಮೈಗೆ ಬೇಕಾದ ದಿನಗಳು ಕಮ್ಮಿಯಾಗಲಿಲ್ಲ. ಇನ್ನೊಂದು ತೊಡಕಿದೆ. ರಾತ್ರಿ ಅಲ್ಲಿ ಯಾರಿಗಾದರೂ ಉಸಿರು ಕಟ್ಟಿದರೆ ಬೇಗ ಕೆಳಗಿಳಿಯೋ ದಾರಿಯೇ ಇಲ್ಲ. ಸ್ಪಿತಿ ಕಡೆ ಇಳಿಯಬೇಕೆಂದರೆ ಮೊದಲು ನಾಲ್ಕೂವರೆ ಸಾವಿರ ಮೀಟರ್ ಎತ್ತರದ ಕುಂಜುಮ್ ಪಾಸ್, ಅಂದರೆ ಬೆಟ್ಟ ದಾಟೋ ದಾರಿ, ಹತ್ತಬೇಕು. ಮನಾಲಿ ಕಡೆಗೆ ಬಾತಲ್‌ನಿಂದ ಗ್ರಾಂಫೂವರೆಗೆ ಬಂಡೆ, ಹಳ್ಳ, ಹರಿಯುವ ನೀರಿನ ರಸ್ತೆ. ಅದಕ್ಕೇ ಮೈ ಮೊದಲೇ ಒಗ್ಗಿರಬೇಕು.

ಹಾಗಾಗಿ ಸುತ್ತಿನ ದಾರಿ ಹಿಡಿಯಿರಿ. ಚಂಡೀಗಢದಿಂದ ಶಿಮ್ಲಾ, ಕಲ್ಪಾ, ಟಾಬೋ, ಆಮೇಲೆ ಸ್ಪಿತಿಯ ಮುಖ್ಯ ಊರು ಕಾಜಾ. ಪ್ರತಿ ದಿನ ಸ್ವಲ್ಪ ಸ್ವಲ್ಪ ಮೇಲೇರುತ್ತೀರಿ. ಕಾಜಾದಲ್ಲಿ ಎರಡು ರಾತ್ರಿ ಇದ್ದು, ಎಲ್ಲರೂ ಆರಾಮಾಗಿದ್ದರೆ ಮಾತ್ರ ಕುಂಜುಮ್ ದಾಟಿ ಚಂದ್ರತಾಲ್. ಮನಾಲಿ ಕೊನೆಗೆ ಬರಲಿ.

ಈ ದಾರಿಯಲ್ಲಿ ಟಾಬೋ ಬಿಡಲೇಬೇಡಿ. ಬೇಲೂರಿನ ಚೆನ್ನಕೇಶವ ದೇವಸ್ಥಾನ 1117ರದ್ದು, ಟಾಬೋ ಬೌದ್ಧ ವಿಹಾರ 996ರದ್ದು. ಕಲ್ಲಿನ ಕುಸುರಿ ನೋಡಿ ಬೆಳೆದ ಹಾಸನದವರಿಗೆ ಹೊರಗಿನಿಂದ ಅದು ಬರೀ ಮಣ್ಣಿನ ಗೋಡೆ ಅನ್ನಿಸಬಹುದು. ಒಳಗೆ ಹೋಗಿ, ಕತ್ತಲೆಗೆ ಕಣ್ಣು ಹೊಂದೋವರೆಗೆ ಸುಮ್ಮನೆ ನಿಲ್ಲಿ. ಗೋಡೆಯಿಂದ ಮುಂದೆ ಚಾಚಿ ಕೂತ ಗಾರೆಯ ಮೂರ್ತಿಗಳು ಒಂದೊಂದಾಗಿ ಕಾಣತೊಡಗುತ್ತವೆ. ಕೀ ವಿಹಾರ, ತುಂಬ ಎತ್ತರದಲ್ಲಿರೋದಕ್ಕೆ ಹೆಸರಾದ ಹಿಕ್ಕಿಂ ಅಂಚೆ ಕಚೇರಿ ಎರಡೂ ಕಾಜಾದ ಹತ್ತಿರವೇ, ಅರ್ಧ ದಿನ ಸಾಕು. ಕುಂಜುಮ್ ಮೇಲೆ ದೇವಿಯ ಗುಡಿ ಇದೆ. ಡ್ರೈವರ್‌ಗಳು ಗಾಡಿ ಸಮೇತ ಪ್ರದಕ್ಷಿಣೆ ಹಾಕಿಯೇ ಮುಂದೆ ಹೋಗೋದು. ಅಮ್ಮಂದಿರಿಗೆ ಅದು ತುಂಬ ಹಿಡಿಸುತ್ತದೆ.

ಇನ್ನು ಸರೋವರ. ಹಿಮನದಿ ಕೊರೆದ ತಗ್ಗಿನಲ್ಲಿ ನಿಂತ ನೀರು ಅದು. 2005ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗುನೆಲಗಳ ಪಟ್ಟಿಗೆ, ಸೇರಿತು. ದಡದಲ್ಲಿ ಟೆಂಟ್ ಹಾಕುವಂತಿಲ್ಲ, ಕ್ಯಾಂಪ್‌ಗಳು ದೂರದಲ್ಲಿವೆ. ಗಾಡಿ ನಿಲ್ಲಿಸಿ ಸುಮಾರು ಒಂದು ಕಿಲೋಮೀಟರ್ ನಡೆಯಬೇಕು, ಅಪ್ಪ ಅಮ್ಮ ಕೂತು ಕೂತು ನಡೆಯಲಿ. ಮಧ್ಯಾಹ್ನ ಗಾಳಿ ಎದ್ದರೆ ನೀರೆಲ್ಲ ಸುಕ್ಕು, ಬೆಳಿಗ್ಗೆ ಬೇಗ ಹೋದರೆ ಬೆಟ್ಟಗಳು ಅಡಿಮೇಲಾಗಿ ಅಲ್ಲೇ ಇಳಿದಿರುತ್ತವೆ. ದಡದಲ್ಲಿ ಬಗ್ಗಿ ನೋಡಿದರೆ ಕಾಲ ಬಳಿ ಒಂದೊಂದು ಬೆಣಚುಕಲ್ಲೂ ಎಣಿಸುವಷ್ಟು ತಿಳಿನೀರು, ನಾಲ್ಕು ಮಾರು ಆಚೆಗೆ ಹಸಿರು, ಅದರಾಚೆ ಕಡು ನೀಲಿ. ಇಷ್ಟು ದೂರ ಬಂದಿದ್ದು ಸಾರ್ಥಕ ಅಂತ ನನಗನ್ನಿಸಿದ್ದು ಅಲ್ಲಿಯೇ.

ಊಟದ ವಿಷಯಕ್ಕೆ ಅಮ್ಮನಿಗೆ ಮೊದಲೇ ಹೇಳಿಡಿ. ಆ ಎತ್ತರದಲ್ಲಿ ನೀರು 86 ಡಿಗ್ರಿ ಆಸುಪಾಸಲ್ಲೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಅನ್ನ, ಬೇಳೆ ಸರಿಯಾಗಿ ಬೇಯೋದಿಲ್ಲ. ನಮ್ಮ ಕಡೆಯ ಮೆತ್ತನೆ ಅನ್ನ ಅಲ್ಲಿ ಸಿಗೋದು ಕಷ್ಟ. ಚಟ್ನಿಪುಡಿ, ಹುರಿಟ್ಟು ಜೊತೆಗಿರಲಿ.

ಸಮಯ ಕೇಳಿದರೆ ನನ್ನ ಆಯ್ಕೆ ಸೆಪ್ಟೆಂಬರ್. ಜುಲೈ, ಆಗಸ್ಟ್‌ನಲ್ಲಿ ಕಲ್ಪಾ ಇರುವ ಕಿನ್ನೌರ್ ದಾರಿಯಲ್ಲಿ ಗುಡ್ಡ ಜರಿಯುತ್ತದೆ. 2023ರ ಜುಲೈನಲ್ಲಂತೂ ಹಿಮ ಬಿದ್ದು ಇನ್ನೂರೈವತ್ತಕ್ಕೂ ಹೆಚ್ಚು ಜನ ಚಂದ್ರತಾಲ್‌ನಲ್ಲಿ ಸಿಕ್ಕಿಕೊಂಡಿದ್ದರು. ಸೆಪ್ಟೆಂಬರಲ್ಲಿ ರಾತ್ರಿ ಚಳಿ ಜೋರು, ಆದರೆ ಆಕಾಶ ತಿಳಿಯಾಗಿರುತ್ತದೆ. ತೋಟ ಇದ್ದರೆ ಕಾಫಿ ಕೊಯ್ಲು ಶುರುವಾಗೋ ಮೊದಲೇ ಮನೆಗೆ ಬಂದಿರುತ್ತೀರಿ.

ಅಪ್ಪನಿಗೆ ಬಿಪಿ ಇದೆ ಅಂದಿದ್ದೀರಿ, ಟಿಕೆಟ್ ಮಾಡಿಸೋ ಮೊದಲೇ ಡಾಕ್ಟರ್ ಹತ್ತಿರ ಮಾತಾಡಿ. ಮೇಲೆ ತಲೆನೋವು, ವಾಂತಿ ಶುರುವಾದರೆ ಬೆಳಗಾಗಲಿ ಅಂತ ಕಾಯಬೇಡಿ, ಗಾಡಿ ಹತ್ತಿಸಿ ಹೊರಡಿ. ಅದಕ್ಕೆ ರಾತ್ರಿ ಗಾಡಿಯೂ ಡ್ರೈವರೂ ಕ್ಯಾಂಪಿನಲ್ಲೇ ಇರಬೇಕು ಅಂತ ಕಾಜಾದಲ್ಲೇ ಮಾತಾಡಿಕೊಳ್ಳಿ.